ಮನೆತನದ ಮೂಲವನ್ನು ಹುಡುಕುವ ಬಗೆ

ತಂದೆಯ ಹೆಸರನ್ನು ಹೇಳಲಾರದ ವಿದ್ಯಾರ್ಥಿಯಿಲ್ಲ. ಅಜ್ಜನ ಹೆಸರನ್ನು ಹೇಳುವವರೂ ಬಹು ಮಂದಿ ಇದ್ದಾರೆ. ಮುತ್ತಜ್ಜನ ಹೆಸರನ್ನು ಕೇಳಿದೊಡನೆ ಅರ್ಧ ತರಗತಿ ಮೌನ ತಾಳುತ್ತದೆ. ಮುತ್ತಜ್ಜಿಯ ಹೆಸರನ್ನು ಕೇಳಿದರಂತೂ ಮನೆಯ ಹಿರಿಯರೇ ಒಬ್ಬರ ಮುಖವನ್ನೊಬ್ಬರು ನೋಡುವ ಪ್ರಸಂಗ ಬರುತ್ತದೆ. ನಾಲಗೆಯ ಮೇಲಿನ ನೆನಪು ಮೂರು ತಲೆಮಾರುಗಳನ್ನು ದಾಟುವುದು ಕಷ್ಟ. ಅದರಾಚೆಗೆ ಹೋಗಬೇಕಾದರೆ ಬರೆದಿಟ್ಟ ಕಾಗದಗಳನ್ನೇ ಆಶ್ರಯಿಸಬೇಕು. ಆ ಕಾಗದಗಳು ಯಾವುವು, ಎಲ್ಲಿರುತ್ತವೆ, ಅವುಗಳನ್ನು ಓದುವ ಬಗೆ ಹೇಗೆ ಎಂಬುದನ್ನು ನಮ್ಮ ಗಡಿನಾಡಿನ ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಇದು ಬರಿಯ ಕುತೂಹಲದ ಮಾತಲ್ಲ. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರಗಳ ಬಗೆಗೆ 2001ರಲ್ಲಿ ಆದ ಕಾಯಿದೆಯ ಪ್ರಕಾರ, ಪ್ರಮಾಣಪತ್ರವನ್ನು ಬೇಡುವವರೇ ತಮ್ಮ ಹಕ್ಕನ್ನು ಸಾಧಿಸಿ ತೋರಿಸಬೇಕು. ಪರಿಶಿಷ್ಟ ಜಾತಿಗಳಿಗೆ 1950ರ ಆಗಸ್ಟ್ 10, ವಿಮುಕ್ತ ಹಾಗೂ ಅಲೆಮಾರಿ ಜನಾಂಗಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13, ಹೀಗೆ ದಿನಾಂಕಗಳು ಗೊತ್ತಾಗಿವೆ. ಆ ದಿನಕ್ಕೆ ಮನೆತನವು ಈ ರಾಜ್ಯದ ಸೀಮೆಯಲ್ಲಿ ನೆಲೆಸಿತ್ತೆಂಬುದಕ್ಕೆ ಆಧಾರ ಬೇಕಾಗುತ್ತದೆ. ಬೀಗತನವೆಲ್ಲ ಗಡಿಯಾಚೆಗೆ ಇರುವ ನಮ್ಮ ಜನರಿಗೆ ಇದು ಸುಲಭದ ಕೆಲಸವಲ್ಲ. ಇಂಥಲ್ಲಿ ಅಜ್ಜನು ಓದಿದ ಶಾಲೆಯ ಪುಸ್ತಕದ ಒಂದೇ ಒಂದು ಸಾಲು ಮೊಮ್ಮಗಳ ಮುಂದಿನ ಓದಿಗೆ ದಾರಿಯನ್ನು ತೆರೆಯುತ್ತದೆ. ಆ ಸಾಲು ಗೆದ್ದಲಿಗೆ ಆಹಾರವಾಗಿದ್ದರೆ ದಾರಿ ಮುಚ್ಚುತ್ತದೆ.

ನಮ್ಮ ಭಾಗದ ದಫ್ತರಗಳು ಚೆದರಿಹೋಗಿರುವುದಕ್ಕೆ ಇತಿಹಾಸವೇ ಕಾರಣ. ಸೊಲ್ಲಾಪುರವು ಮುಂಬಯಿ ಇಲಾಖೆಯ ಜಿಲ್ಲೆಯಾಗಿತ್ತು. ಅಕ್ಕಲಕೋಟೆಯು ಭೋಸಲೆಯವರ ಸಂಸ್ಥಾನ, ಜತ್ತವು ಡಫಳೆಯವರ ಸಂಸ್ಥಾನ. ನೆರೆಯ ಆಳಂದ, ತುಳಜಾಪುರಗಳು ನಿಜಾಮನ ರಾಜ್ಯಕ್ಕೆ ಸೇರಿದ್ದವು. 1948ರಲ್ಲಿ ಎರಡೂ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ವಿಜಾಪುರ, ಕಲಬುರ್ಗಿಗಳು ಮೈಸೂರು ರಾಜ್ಯಕ್ಕೆ ಸೇರಿದವು. 1960ರ ಮೇ 1ರಂದು ಮಹಾರಾಷ್ಟ್ರವು ಉದಯಿಸಿತು. ಮನೆತನವು ಇದ್ದ ಊರಲ್ಲೇ ಇದ್ದರೂ ಅದರ ಕಾಗದಗಳು ಮೂರು ನಾಲ್ಕು ಕಚೇರಿಗಳಿಗೆ ಹಂಚಿಹೋದವು. ಆದುದರಿಂದ ಯಾವ ವರ್ಷದಲ್ಲಿ ತಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳತಕ್ಕದ್ದು.

ದಾಖಲೆಗಳ ವಿಚಾರ

ಮೊದಲನೆಯದು ಶಾಲೆಯ ಜನರಲ್ ರಜಿಸ್ಟರು. ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಜಾತಿ, ಹುಟ್ಟಿದ ದಿನ, ಶಾಲೆಗೆ ಸೇರಿದ ಮತ್ತು ಬಿಟ್ಟ ದಿನ, ಇವೆಲ್ಲ ಒಂದೇ ಸಾಲಿನಲ್ಲಿ ಸಿಗುವ ದಾಖಲೆ ಇನ್ನೊಂದಿಲ್ಲ. ಒಂದು ಎಚ್ಚರಿಕೆ ಮಾತ್ರ ಅವಶ್ಯ. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ ಶಾಲೆಯಲ್ಲಿ ಜೂನ್ 1 ಎಂದು ಬರೆಯುವ ರೂಢಿ ಬಹುಕಾಲ ನಡೆದುಬಂದಿದೆ. ಅಣ್ಣ, ತಮ್ಮ, ತಂಗಿ ಮೂವರೂ ಜೂನ್ 1ರಂದೇ ಹುಟ್ಟಿದ್ದರೆ ಅದನ್ನು ಅಂದಾಜೆಂದೇ ತಿಳಿಯಬೇಕು.

ಎರಡನೆಯದು ಜಮೀನಿನ ದಫ್ತರ. ಮುಂಬಯಿ ಇಲಾಖೆಯಲ್ಲಿ ಹಕ್ಕುಪತ್ರಗಳ ಕಾಯಿದೆಯು 1903ರಲ್ಲಿ ಬಂದಿತು. ತಲಾಠಿಯ ಏಳು-ಹನ್ನೆರಡರ ಉತಾರೆಯು ಎಲ್ಲರಿಗೂ ಪರಿಚಿತ. ಆದರೆ ವಂಶವನ್ನು ಹುಡುಕುವವರಿಗೆ ಅದಕ್ಕಿಂತ ಉಪಯುಕ್ತವಾದುದು ಆರನೆಯ ನಮೂನೆಯ ಫೇರಫಾರ ಪುಸ್ತಕ. ಖಾತೆದಾರನು ತೀರಿಕೊಂಡಾಗ ಅವನ ವಾರಸುದಾರರು ಯಾರು, ಅವರಿಗೂ ಮೃತನಿಗೂ ಸಂಬಂಧವೇನು, ಎಂಬುದನ್ನು ಅಲ್ಲಿ ಬರೆಯುತ್ತಾರೆ. ಏಳು-ಹನ್ನೆರಡರಲ್ಲಿ ಹೆಸರಿನ ಬಳಿ ಇರುವ ಫೇರಫಾರ ಸಂಖ್ಯೆಯನ್ನು ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋದರೆ, ಏಣಿಯ ಮೆಟ್ಟಲುಗಳನ್ನು ಇಳಿದಂತೆ ತಲೆಮಾರುಗಳು ಒಂದೊಂದಾಗಿ ದೊರೆಯುತ್ತವೆ. ಪಾಟೀಲಕಿ, ಕುಲಕರ್ಣಿಕಿ ಮುಂತಾದ ವತನಗಳಿದ್ದ ಮನೆತನಗಳಿಗೆ ವತನದ ವಿಚಾರಣೆಯ ಕಾಗದಗಳೂ ಸಹಾಯಕ. ಹಕ್ಕಿನ ವಾದ ಎದ್ದಾಗಲೆಲ್ಲ ವಂಶಾವಳಿಯನ್ನು ಬರೆದುಕೊಡಬೇಕಾಗುತ್ತಿತ್ತು. ಇನ್ನೂ ಹಿಂದಿನ ಕಾಲದ ಇನಾಮು, ವತನಗಳ ಕಾಗದಗಳನ್ನು ಪುಣೆಯ ಪೇಶವೆ ದಫ್ತರದಲ್ಲಿ ಹುಡುಕಬಹುದು.

ಮೂರನೆಯದು ಹಳ್ಳಿಯ ಜನನ-ಮರಣದ ಪುಸ್ತಕ. ಇದು ಹದಿನಾಲ್ಕನೆಯ ನಮೂನೆ. ಜನರು ಇದನ್ನು ಕೋತವಾಲ ಬುಕ್ಕು ಎನ್ನುತ್ತಾರೆ. ಇಲ್ಲಿ ಕೂಸಿಗೆ ಹೆಸರಿಲ್ಲದಿರುವುದೇ ಹೆಚ್ಚು. ತಂದೆಯ ಹೆಸರಿನ ಮುಂದೆ ಗಂಡು ಅಥವಾ ಹೆಣ್ಣು ಎಂದಷ್ಟೇ ಇರುತ್ತದೆ. ಆದರೂ ಶಾಲೆಯ ಬಾಗಿಲನ್ನು ಕಾಣುವ ಮೊದಲೇ ಕಣ್ಮುಚ್ಚಿದ ಮಕ್ಕಳ ಸುಳಿವು ಈ ಪುಸ್ತಕದಲ್ಲಿ ಮಾತ್ರ ಸಿಕ್ಕೀತು. 1896ರ ತರುವಾಯದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಇವುಗಳ ಕಾಲದ ಹಾಳೆಗಳನ್ನು ಓದುವಾಗ ಎದೆ ಭಾರವಾಗುತ್ತದೆ. ಒಂದೇ ಮನೆಯ ಹೆಸರು ಒಂದೇ ತಿಂಗಳಲ್ಲಿ ಎರಡು ಮೂರು ಸಲ ಬಂದಿದ್ದರೆ, ಆ ಮನೆತನದ ಒಂದು ಕವಲು ಏಕೆ ನಿಂತುಹೋಯಿತೆಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಸರಕಾರದ ದಫ್ತರಗಳ ಹೊರಗೂ ದಾಖಲೆಗಳುಂಟು. ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುವ ಹೆಳವರನ್ನು ಹಿರಿಯರು ಬಲ್ಲರು. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಒಕ್ಕಲುಗಳೆಂದು ಗೊತ್ತಿದೆ. ಆ ಮನೆಗಳ ಕುಲ, ಬೆಡಗು, ಮೂಲಸ್ಥಳ, ವಲಸೆ ಬಂದ ಕಾರಣ, ಹುಟ್ಟಿದವರ ಹೆಸರು, ಇವನ್ನೆಲ್ಲ ಅವರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದಿದ್ದಾರೆ, ಹೊತ್ತಿಗೆಗಳಲ್ಲಿಯೂ ಬರೆದಿಟ್ಟಿದ್ದಾರೆ. ಪಂಢರಪುರ, ನಾಸಿಕ, ಕಾಶಿ ಮೊದಲಾದ ಕ್ಷೇತ್ರಗಳ ಉಪಾಧ್ಯಾಯರಲ್ಲಿರುವ ವಹಿಗಳು ಇನ್ನೊಂದು ಆಧಾರ. ಯಾತ್ರೆಗೆ ಬಂದವರ ಹೆಸರು, ಊರು, ಜೊತೆಗೆ ಬಂದವರು, ತೀರಿಹೋದ ಹಿರಿಯರು ಅಲ್ಲಿ ನಮೂದಾಗಿರುತ್ತಾರೆ. ಊರಿನ ಹೆಸರನ್ನು ಸರಿಯಾಗಿ ಹೇಳಿದರೆ ವಹಿಯನ್ನು ಹುಡುಕುವುದು ಸುಲಭ.

ಓದುವಾಗಿನ ತೊಡಕುಗಳು

ಮೊದಲ ತೊಡಕು ಲಿಪಿಯದು. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ನಮ್ಮ ಭಾಗದ ಕಾಗದಗಳಲ್ಲಿ ಮೋಡಿ ಲಿಪಿಯ ಬಳಕೆಯಿತ್ತು. ಪುಟದ ತುಂಬ ಗೆರೆ ಎಳೆದು, ಕೈಯೆತ್ತದೆ ಬರೆದುಕೊಂಡು ಹೋಗುವ ಆ ಲಿಪಿಯಲ್ಲಿ ಇಕಾರ, ಉಕಾರಗಳಿಗೆ ಹ್ರಸ್ವ ದೀರ್ಘಗಳ ಭೇದವಿಲ್ಲ. ಪದಗಳ ನಡುವೆ ತೆರವೂ ಇಲ್ಲ. ಕನ್ನಡದ ಹೆಸರು ಅದರಲ್ಲಿ ಹೊಕ್ಕು, ಅಲ್ಲಿಂದ ಬಾಲಬೋಧಕ್ಕೆ ಬಂದು, ಮತ್ತೆ ಕನ್ನಡಕ್ಕೆ ತಿರುಗುವಷ್ಟರಲ್ಲಿ ರೂಪ ಬದಲಾಗಿರುತ್ತದೆ. ಹೆಸರು ಒಂದಕ್ಷರ ಭಿನ್ನವಾಗಿದೆಯೆಂದು ಕಾಗದವನ್ನು ಬದಿಗಿಡಬಾರದು. ತಂದೆ, ಊರು, ಸರ್ವೆ ನಂಬರು ಒಂದೇ ಆಗಿವೆಯೇ ಎಂದು ನೋಡಬೇಕು.

ಎರಡನೆಯ ತೊಡಕು ಕಾಲಗಣನೆಯದು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ. ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು. ನಿಜಾಮ ಸೀಮೆಯ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ತಿಳಿಯುತ್ತದೆ. ಫಸಲಿ 1357 ಎಂದರೆ 1947-48. ಸಂವತ್ಸರದ ಹೆಸರೊಂದೇ ಇದ್ದರೆ ಸಾಲದು, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಪ್ರಭವವು 1867ರಲ್ಲಿಯೂ ಬಂದಿತ್ತು, 1927ರಲ್ಲಿಯೂ ಬಂದಿತು, 1987ರಲ್ಲಿಯೂ ಬಂದಿತು. ಹಿರಿಯರು ಧಾತು ಬರದ ಮಾತನ್ನು ಹೇಳಿದರೆ ಅದು 1876ರಲ್ಲಿ ಆರಂಭವಾದ ಮಹಾ ಬರಗಾಲವೆಂದು ತಿಳಿಯಬಹುದು.

ಮೂರನೆಯ ತೊಡಕು ಹೆಸರಿನದೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಸಂಪ್ರದಾಯ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಮತ್ತೆ ಬಸಪ್ಪ. ಇಂಥಲ್ಲಿ ಎರಡು ತಲೆಮಾರುಗಳು ಒಂದರಲ್ಲೊಂದು ಕರಗಿಹೋಗುವ ಭಯವುಂಟು. ಅಡ್ಡಹೆಸರೂ ಸ್ಥಿರವಲ್ಲ. ಊರಲ್ಲಿ ಕಸುಬಿನಿಂದ ಬಡಿಗೇರನೆನಿಸಿಕೊಂಡವನು ಸೊಲ್ಲಾಪುರದ ಗಿರಣಿಗೆ ಸೇರಿದೊಡನೆ ತನ್ನ ಊರಿನ ಹೆಸರಿಗೆ 'ಕರ' ಹಚ್ಚಿಕೊಂಡದ್ದುಂಟು. ಅಲ್ಲಿ 1877ರಲ್ಲಿ ಮೊದಲ ಗಿರಣಿಯು ಆರಂಭವಾದಂದಿನಿಂದ ಹಳ್ಳಿಗಳಿಂದ ಪಟ್ಟಣಕ್ಕೆ ಹೋದ ಒಕ್ಕಲುಗಳು ಅನೇಕ.

ಎಲ್ಲಕ್ಕಿಂತ ದೊಡ್ಡ ಕೊರತೆ ಹೆಣ್ಣುಮಕ್ಕಳದು. ವಂಶಾವಳಿಗಳಲ್ಲಿ ಗಂಡು ಸಂತಾನದ ಸಾಲು ಅಖಂಡವಾಗಿರುತ್ತದೆ. ಹೆಣ್ಣುಮಕ್ಕಳು ಮದುವೆಯಾದೊಡನೆ ಹೆಸರು ಬದಲಾಗಿ ಮರೆಯಾಗುತ್ತಾರೆ. ಹಿಂದೂ ಉತ್ತರಾಧಿಕಾರದ ಕಾಯಿದೆಗೆ 2005ರಲ್ಲಿ ತಿದ್ದುಪಡಿಯಾಗಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ದೊರೆತಿದೆ. ವಂಶಾವಳಿಯನ್ನು ಬರೆಯುವವರು ಅತ್ತೆ, ಚಿಕ್ಕಮ್ಮ, ಸೋದರತ್ತೆಯರ ತವರಿನ ಹೆಸರನ್ನೂ ಕೊಟ್ಟ ಊರನ್ನೂ ಬರೆಯಲೇಬೇಕು. ಹಳೆಯ ಶಾಲಾ ಪುಸ್ತಕಗಳಲ್ಲಿ ಹುಡುಗಿಯರ ಹೆಸರು ವಿರಳ. ವಿರಳವಾದುದರಿಂದಲೇ ಅವು ಅಮೂಲ್ಯ.

ಮಾಡತಕ್ಕ ಕ್ರಮ

ಶೋಧನೆಯನ್ನು ಇಂದಿನಿಂದ ಹಿಂದಕ್ಕೆ ನಡೆಸಬೇಕೇ ಹೊರತು ಪ್ರಸಿದ್ಧ ಪುರುಷನೊಬ್ಬನನ್ನು ಹಿಡಿದು ಮುಂದಕ್ಕೆ ಬರಬಾರದು. ಮೊದಲು ಮನೆಯ ವೃದ್ಧರನ್ನು, ಅದರಲ್ಲಿಯೂ ಅಜ್ಜಿಯರನ್ನು, ಕೇಳಿ ಬರೆದುಕೊಳ್ಳಬೇಕು. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಬರೆಯಬೇಕು. ಒಂದೊಂದು ಸಂಬಂಧಕ್ಕೂ ಸಾಧ್ಯವಾದಷ್ಟು ಎರಡು ಆಧಾರಗಳನ್ನು ಹುಡುಕಬೇಕು. ಕಚೇರಿಯಿಂದ ದೃಢೀಕೃತ ನಕಲನ್ನೇ ಪಡೆಯಬೇಕು. ಹಳೆಯ ಪುಸ್ತಕದಲ್ಲಿ ಒಂದಕ್ಷರವನ್ನೂ ತಿದ್ದಕೂಡದು. ತಿದ್ದಿದ ಸಾಲು ತನ್ನ ಬೆಲೆಯನ್ನು ಕಳೆದುಕೊಳ್ಳುವುದಲ್ಲದೆ, ಇಡೀ ಪುಸ್ತಕದ ಮೇಲೆ ಸಂಶಯವನ್ನು ತರುತ್ತದೆ. ಅದರಿಂದ ನಿರಪರಾಧಿಗಳಾದ ನೂರು ಮಕ್ಕಳಿಗೆ ತೊಂದರೆಯಾದೀತು.

ಮುಂದಿನ ಪೀಳಿಗೆಗೆ ಈ ಶ್ರಮ ಕಡಿಮೆಯಾಗಬಹುದು. ಜನನ-ಮರಣ ನೋಂದಣಿಯ 1969ರ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶವೇ ಮೊದಲಾದ ಕೆಲಸಗಳಲ್ಲಿ ಜನನ ಪ್ರಮಾಣಪತ್ರವೇ ಮುಖ್ಯ ಆಧಾರ. ಆದುದರಿಂದ ಪಾಲಕರು ಕೂಸಿನ ಹೆಸರನ್ನು ಮೊದಲ ಸಲವೇ ಸರಿಯಾಗಿ ಬರೆಯಿಸಬೇಕು. ಕನ್ನಡದಲ್ಲಿ ಬರೆದಂತೆಯೇ ಮರಾಠಿಯಲ್ಲಿಯೂ ಇದೆಯೇ ಎಂದು ನೋಡಿಕೊಳ್ಳಬೇಕು.

ನಮ್ಮ ಪಾಲಿನ ಕರ್ತವ್ಯವೂ ಇದೆ. ಗಡಿಯ ಪ್ರತಿಯೊಂದು ಕನ್ನಡ ಶಾಲೆಯೂ ತನ್ನ ಹಳೆಯ ರಜಿಸ್ಟರುಗಳನ್ನು ನೆಲದಿಂದೆತ್ತಿ ಕಪಾಟಿನಲ್ಲಿಟ್ಟು, ಹಾಳೆ ಹಾಳೆಯ ಛಾಯಾಚಿತ್ರ ತೆಗೆಯಿಸಿ, ಹೆಸರುಗಳ ಅನುಕ್ರಮಣಿಕೆಯನ್ನು ಸಿದ್ಧಪಡಿಸುವುದು ಅಗತ್ಯ. ಈ ನೆಲದಲ್ಲಿ ಕನ್ನಡಿಗರು ಎಂದಿನಿಂದ ಇದ್ದಾರೆಂದು ಯಾರಾದರೂ ಕೇಳಿದರೆ, ಭಾಷಣಕ್ಕಿಂತ ಆ ಪುಸ್ತಕಗಳೇ ಉತ್ತಮ ಉತ್ತರವನ್ನು ಕೊಡುತ್ತವೆ. ವಾಚಕರು ತಮ್ಮ ಮನೆಯ ಮುತ್ತಜ್ಜಿಯ ಹೆಸರನ್ನು ಈ ವಾರದಲ್ಲಿಯೇ ಕೇಳಿ ಬರೆದಿಡಬೇಕೆಂದು ನಮ್ಮ ವಿನಂತಿ.