ಫಟಫಟಿ ಬಂದ ಹಾದಿ

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ, ತಗಡಿನ ಚಪ್ಪರದ ಕೆಳಗೆ ಒಂದು ಗ್ಯಾರೇಜು. ನೆಲ ಎಣ್ಣೆ ಕುಡಿದು ಕುಡಿದು ಎರೆ ಹೊಲಕ್ಕಿಂತ ಕಪ್ಪಾಗಿದೆ. ಮೂಲೆಯಲ್ಲಿ ಟಾಕಿ ಬಿಚ್ಚಿಟ್ಟ ಒಂದು ಯೆಜ್ಡಿ, ಅದರ ಪಕ್ಕದಲ್ಲಿ ಶೋರೂಮಿನ ಹೂವಿನ ಹಾರ ಇನ್ನೂ ಪೂರ್ತಿ ಒಣಗದ 125 ಸಿಸಿ ಗಾಡಿ. ಸಂಜೆ ಐದಕ್ಕೆ ಅಲ್ಲಿಗೆ ಚಹಾ ಬರುತ್ತದೆ, ಚಹಾದ ಬೆನ್ನಿಗೆ ವಾದ ಶುರುವಾಗುತ್ತದೆ.

"ಗಾಡಿ ಅಂದ್ರ ಹಳೇವರಿ. ಪೂರಾ ಕಬ್ಬಿಣ. ಈಗಿನವು ಬರೇ ಪ್ಲಾಸ್ಟಿಕ್" ಎನ್ನುತ್ತಾರೆ ಯೆಜ್ಡಿಯ ಯಜಮಾನರು, ನಿವೃತ್ತ ಮಾಸ್ತರರು.

"ಕಾಕಾ, ಮೊದ್ಲ ಆವರೇಜ್ ಎಷ್ಟ ಕೊಡತೈತಿ ಹೇಳ್ರಿ. ಆಮ್ಯಾಗ ಪಿಕಪ್ಪಿನ ಮಾತಾಡೂಣು" ಎನ್ನುತ್ತಾನೆ ಹಾರದ ಗಾಡಿಯ ಹುಡುಗ.

ಮೇಸ್ತ್ರಿ ಸಾಮಾನ್ಯವಾಗಿ ನಡುವೆ ಬಾಯಿ ಹಾಕುವುದಿಲ್ಲ. ಪ್ಲಗ್ಗಿನ ಮಸಿಯನ್ನು ಉಸುಕಿನ ಕಾಗದದಿಂದ ತಿಕ್ಕುತ್ತ ಕೂತಿರುತ್ತಾರೆ. ಒಂದು ದಿನ ಮಾತ್ರ ತಲೆ ಎತ್ತದೆಯೇ ಹೇಳಿದರು: "ಮಳಿ ಆದ ಮರುದಿನ ನಮ್ಮ ಎರಿ ಹೊಲದ ದಾರ್ಯಾಗ ಯಾವ್ದು ಸಿಗೇಬೀಳದಂಗ ದಾಟತೈತಿ, ಅದ ಚಲೋ ಗಾಡಿ."

ಬಿಜಾಪುರ ಕಡೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ಈ ವಾದ ನಡೆಯದ ಗ್ಯಾರೇಜು ಸಿಗುವುದು ಕಷ್ಟ. ಆದರೆ ಇದು ಸುಮ್ಮನೆ ಮುದುಕರು ಹುಡುಗರ ಜಗಳವಲ್ಲ. ಒಂದೊಂದು ಗಾಡಿಯೂ ಬೇರೆ ಯಾರದೋ ದಾರಿಗಾಗಿ ಹುಟ್ಟಿ, ನಮ್ಮ ದಾರಿಗೆ ಬಂದು ಬಾಗಿತು. ಬಾಗುವಾಗ ಒಂದನ್ನು ಬಿಟ್ಟಿತು, ಒಂದನ್ನು ಪಡೆಯಿತು. ಬಿಟ್ಟದ್ದು ಏನು ಎಂಬುದು ಮಾಸ್ತರರ ಕಡೆಯ ವಾದ, ಪಡೆದದ್ದು ಏನು ಎಂಬುದು ಹುಡುಗನ ಕಡೆಯದು.

ಮೊದಲು ಬಂದದ್ದು ಬುಲೆಟ್ಟು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಸೇನೆ ಗಡಿ ಕಾಯಲೆಂದು ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿಯಿಂದ 350 ಸಿಸಿಯ 800 ಗಾಡಿಗಳನ್ನು ತರಿಸಿಕೊಂಡಿತು. 1955ರಲ್ಲಿ ಮದರಾಸ್ ಮೋಟರ್ಸ್ ಜತೆಗೂಡಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು, ಗಾಡಿ ತಿರುವೊಟ್ಟಿಯೂರಿನಲ್ಲೇ ತಯಾರಾಗತೊಡಗಿತು. ನಮ್ಮ ಹಳ್ಳಿಗರು ಅದನ್ನು ಬಹುಕಾಲ ಕಂಡದ್ದು ಪೊಲೀಸರ ಕೆಳಗೆ, ಗೌಡರ ಕೆಳಗೆ. ಅದು ಬರುವ ಮೊದಲೇ ಅದರ ಸದ್ದು ಊರು ಮುಟ್ಟುತ್ತಿತ್ತು. ಮೋಟರ್‌ಸೈಕಲ್ಲಿಗೆ ನಮ್ಮ ಕಡೆ ಫಟಫಟಿ ಎಂಬ ಹೆಸರು ಬಿದ್ದದ್ದೂ ಸದ್ದಿನಿಂದಲೇ.

ಹಳೆಯ ಬುಲೆಟ್ ಚಾಲೂ ಮಾಡುವುದು ಒಂದು ವಿದ್ಯೆ. ಹೆಡ್‌ಲೈಟಿನ ಮೇಲೆ ಆಂಪಿಯರ್ ತೋರಿಸುವ ಪುಟ್ಟ ಗಡಿಯಾರದಂಥದ್ದು ಇರುತ್ತದೆ. ಚಾವಿ ತಿರುವಿ ಕಿಕ್ಕನ್ನು ಮೆಲ್ಲಗೆ ಒತ್ತುತ್ತ ಹೋದರೆ ಮುಳ್ಳು ಎಡಕ್ಕೆ ವಾಲಿದ್ದು ಒಮ್ಮೆ ನಟ್ಟನಡುವೆ ಬಂದು ನಿಲ್ಲುತ್ತದೆ. ಒಳಗೆ ಪಾಯಿಂಟ್ ಬಿಚ್ಚಿಕೊಂಡಿದೆ, ಪಿಸ್ಟನ್ ಮೇಲಿನ ತುದಿಗೆ ಬಂದಿದೆ ಎಂಬುದಕ್ಕೆ ಅದೇ ಗುರುತು. ಆಗ ಎಡಗೈಯ ಡಿಕಂಪ್ರೆಷನ್ ಲಿವರ್ ಎಳೆದು, ಕಿಕ್ಕನ್ನು ಕೂದಲೆಳೆಯಷ್ಟು ಮುಂದೆ ತಳ್ಳಿ, ಲಿವರ್ ಬಿಟ್ಟು, ಮೈಭಾರವನ್ನೆಲ್ಲ ಕಾಲಿಗೆ ತಂದು ಒದೆಯಬೇಕು. ಮುಳ್ಳು ನೋಡದೆ ಒದ್ದವರ ಮೀನಖಂಡಕ್ಕೆ ಕಿಕ್ಕು ತಿರುಗಿ ಬಡಿಯುತ್ತಿತ್ತು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬುಲೆಟ್ ಓಡಿಸಿ ರೂಢಿಯಾದವನು ಬೇರೆ ಗಾಡಿ ಹತ್ತಿದರೆ ನಾಲ್ಕು ದಿನ ಕಾಲು ತಡವರಿಸುತ್ತಿತ್ತು.

ಎರಡನೆಯದು ನಮ್ಮದೇ ರಾಜ್ಯದ್ದು. ಮುಂಬಯಿಯ ರುಸ್ತುಂ ಇರಾನಿ, ಫಾರೂಖ್ ಇರಾನಿ ಅವರು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕೆಂಪು ಟಾಕಿಯ ಮೇಲೆ ಹೊಳೆಯುವ ಬೆಳ್ಳಿ ಬಣ್ಣ. ಕಿಕ್ ಹೊಡೆದ ಮೇಲೆ ಅದೇ ಕಿಕ್ಕನ್ನು ಮುಂದಕ್ಕೆ ಮಡಿಸಿದರೆ ಗೇರಿನ ಲಿವರ್! ಚಿಕ್ಕವನಿದ್ದಾಗ ನಾನು ಇದನ್ನು ನೋಡಲೆಂದೇ ಸೋದರಮಾವನ ಗಾಡಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ಇರಾನಿನ ಯಜ್ದ್ ಎಂಬ ಊರಿನ ನೆನಪಿನ ಹೆಸರದು. 1978ರಲ್ಲಿ ರೋಡ್‌ಕಿಂಗ್ ಬಂತು.

ಮಾವ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರರು. ಹಿಂಗಾರಿ ಮಳೆ ಹೊಡೆದ ಸೆಪ್ಟೆಂಬರಿನಲ್ಲಿ ಅವರ ಹಿಂದೆ ಕೂತು ಹೋದ ಒಂದು ಬೆಳಗು ನನಗೆ ಇನ್ನೂ ಹಸಿಯಾಗಿದೆ. ಎರೆ ಮಣ್ಣು ಗಾಲಿಗೆ ಅಂಟಿತು, ಅಂಟಿದ್ದರ ಮೇಲೆ ಮತ್ತೆ ಅಂಟಿತು, ಕಡೆಗೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕಣಕದ ಹಾಗೆ ತುಂಬಿಕೊಂಡು ಗಾಲಿಯೇ ನಿಂತಿತು. ಆ ಕಾಲದ ಗಾಡಿಗಳ ಮಡ್‌ಗಾರ್ಡು ಗಾಲಿಯ ಅರ್ಧ ಮೈ ಮುಚ್ಚುವಂತೆ ಆಳವಾಗಿರುತ್ತಿತ್ತು. ಟಾರು ರಸ್ತೆಯ ನೀರು ಸಿಡಿಯದಿರಲಿ ಎಂದು ಮಾಡಿದ್ದು. ಯುರೋಪಿನಲ್ಲಿ ಅದನ್ನು ಬರೆದು ತಿದ್ದಿದವರಿಗೆ ನಮ್ಮ ಡೋಣಿ ಹೊಳೆಯ ಸಾಲಿನ ಎರೆ ಮಣ್ಣು ಗೊತ್ತಿರಲು ಹೇಗೆ ಸಾಧ್ಯ? ಮಾವ ಬೇಲಿಯಿಂದ ಜಾಲಿಯ ಕಟ್ಟಿಗೆ ಮುರಿದು ತಂದು ಅರ್ಧ ತಾಸು ಮಣ್ಣು ಕೆದರಿದರು. ಆಮೇಲಿನ ಮಳೆಗಾಲಗಳಲ್ಲಿ ಮುಂದಿನ ಮಡ್‌ಗಾರ್ಡು ಬಿಚ್ಚಿ ಮನೆಯ ಅಟ್ಟಕ್ಕೆ ಹೋಗುತ್ತಿತ್ತು, ದೀಪಾವಳಿಗೆ ಇಳಿಯುತ್ತಿತ್ತು. ಊರಲ್ಲಿ ಗಾಡಿ ಇದ್ದವರೆಲ್ಲ ಹಾಗೇ ಮಾಡುತ್ತಿದ್ದರು.

ಇಂದು ಬುಲೆಟ್ಟು, ಯೆಜ್ಡಿಗಳಂಥ ಗಾಡಿಗಳನ್ನು ಕ್ರೂಸರ್ ಎನ್ನುತ್ತಾರೆ. ಹುಟ್ಟುವಾಗ ಅವು ಕ್ರೂಸರ್ ಆಗಿರಲಿಲ್ಲ, ದುಡಿಯುವ ಗಾಡಿಗಳಾಗಿದ್ದವು. ಕಾಲು ಮುಂದೆ ಚಾಚಿ, ಬೆನ್ನು ಸಡಿಲ ಬಿಟ್ಟು ದೂರ ಹೋಗುವ ಅಮೆರಿಕನ್ ಬಗೆಯ ಗಾಡಿ ನಮ್ಮಲ್ಲಿ ಜನರ ಕೈಗೆಟುಕಿದ್ದು ಬಹಳ ತಡವಾಗಿ, 2002ರ ಎನ್‌ಫೀಲ್ಡ್ ಥಂಡರ್‌ಬರ್ಡ್, 2005ರ ಬಜಾಜ್ ಅವೆಂಜರ್ ಕಾಲಕ್ಕೆ. ಅಷ್ಟರಲ್ಲಿ ಹಳೆಯ ಬುಲೆಟ್ಟು, ಯೆಜ್ಡಿಗಳ ನಿಧಾನದ ನಡೆಯೂ ಜನರ ಕಣ್ಣಿಗೆ ಅದೇ ಸಾಲಿಗೆ ಸೇರಿಬಿಟ್ಟಿತು.

ನಡುವೆ 1985 ಬಂತು. ನನ್ನ ಲೆಕ್ಕದಲ್ಲಿ ಈ ಕಥೆಯ ನಡುಗಂಬ ಅದೇ. ಜಪಾನಿನ ಕಂಪನಿಗಳ ಜತೆ ಕೂಡಿ 100 ಸಿಸಿ ಗಾಡಿ ಮಾಡಲು ಸರ್ಕಾರ ಬಾಗಿಲು ತೆರೆದಿತ್ತು. 1984ರಲ್ಲಿ ಇಂಡ್-ಸುಜುಕಿ, ಮರುವರ್ಷ ಹೀರೋ ಹೊಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಸಿಡಿ 100 ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಜಿಲ್ಲ, ಹೊಗೆಯಿಲ್ಲ, ಒಂದು ಲೀಟರಿಗೆ ಹಳೆಯ ಗಾಡಿಯ ಎರಡರಷ್ಟು ದೂರ. ಬಿಜಾಪುರದಿಂದ ಇಂಡಿಗೋ ಸಿಂದಗಿಗೋ ಐವತ್ತು ಅರವತ್ತು ಕಿಲೋಮೀಟರು, ಮುದ್ದೇಬಿಹಾಳಕ್ಕೆ ಇನ್ನೂ ಹೆಚ್ಚು. ಅಷ್ಟು ದೂರ ಕಚೇರಿ ಕೆಲಸಕ್ಕೆ, ಪೇಟೆಗೆ ಅಲೆಯುವ ನಾಡಿನಲ್ಲಿ ಆವರೇಜು ಎಂಬ ಮಾತು ಹೆಣ್ಣು ನೋಡುವಾಗಲೂ ಕೇಳುವಷ್ಟು ದೊಡ್ಡದಾಯಿತು. 1994ರ ಸ್ಪ್ಲೆಂಡರ್ ಆ ದಾರಿಯನ್ನು ಗಟ್ಟಿ ಮಾಡಿತು. ಹಾಲಿನ ಕ್ಯಾನು, ಲಿಂಬೆಯ ಚೀಲ, ಗೊಬ್ಬರ, ಮನೆಮಂದಿ ಎಲ್ಲವನ್ನೂ ಅದು ಹೊತ್ತಿದೆ. ಭೌಗೋಳಿಕ ಸೂಚಿಕೆ ಪಡೆದ ಇಂಡಿ ಲಿಂಬೆ ತೋಟದಿಂದ ಮಾರುಕಟ್ಟೆಗೆ ಹೋಗುವ ಮೊದಲ ಸವಾರಿ ಇಂದಿಗೂ ಎಷ್ಟೋ ಸಲ ಇಂಥ ಗಾಡಿಯ ಮೇಲೆಯೇ.

ಆರ್‌ಎಕ್ಸ್ 100ರದು ಬೇರೆಯೇ ಜಾತಿ. 98 ಸಿಸಿ, ಟೂ ಸ್ಟ್ರೋಕ್, 11 ಅಶ್ವಶಕ್ತಿ, ಮೈ ಹಗುರ. ಅದರ ಹಿಂದೆ ಕೂತವರು ಮುಂದಿನವನ ಸೊಂಟ ಹಿಡಿಯದೆ ಗತಿಯಿರಲಿಲ್ಲ. ವೇಗ ಎಂಬ ಆಸೆಯನ್ನು ನಮ್ಮ ತಾಲ್ಲೂಕುಗಳ ಹುಡುಗರಲ್ಲಿ ಬಿತ್ತಿದ್ದು ಅದು.

ಹೊಗೆಯ ನಿಯಮ ಬಿಗಿಯಾಗುತ್ತ ಬಂದಂತೆ ಟೂ ಸ್ಟ್ರೋಕಿನ ಕಾಲ ಮುಗಿಯುತ್ತ ಬಂತು. 1996ರಲ್ಲಿ ಆರ್‌ಎಕ್ಸ್ 100 ತಯಾರಿಕೆ ನಿಂತಿತು. ಅದೇ ವರ್ಷ ಮೈಸೂರಿನ ಕಾರ್ಖಾನೆಗೂ ಬೀಗ ಬಿತ್ತು. ವೇಗದ ಗಾಡಿಯೂ ಠೀವಿಯ ಗಾಡಿಯೂ ಒಂದೇ ವರ್ಷ ಹೋದವು, ಉಳಿದದ್ದು ಹೆಚ್ಚಾಗಿ ಆವರೇಜೇ.

ಆ ಖಾಲಿ ಜಾಗಕ್ಕೆ 2001ರ ನವೆಂಬರಿನಲ್ಲಿ ಪಲ್ಸರ್ ಬಂತು, 150 ಮತ್ತು 180 ಸಿಸಿಗಳಲ್ಲಿ. ಅದಕ್ಕೂ ಮೊದಲು 1999ರಲ್ಲಿ ಹೀರೋ ಹೊಂಡಾ ಸಿಬಿಜಡ್ ಬಂದಿತ್ತಾದರೂ ಹಳ್ಳಿಯ ಓಣಿಯವರೆಗೆ ಬಂದದ್ದು ಪಲ್ಸರ್. ದಿನದ ಕೆಲಸಕ್ಕೂ ಆಗಬೇಕು, ಹುಡುಗನ ಮನಸ್ಸಿಗೂ ಹಿಡಿಸಬೇಕು ಎಂಬ ಬಗೆ ಅಲ್ಲಿಂದ ಬೇರು ಬಿಟ್ಟಿತು. 2005ರಲ್ಲಿ ಟಿವಿಎಸ್ ಅಪಾಚೆ. 2021ರಲ್ಲಿ ಟಿವಿಎಸ್ ರೈಡರ್ 125, 2024ರಲ್ಲಿ ಹೀರೋ ಎಕ್ಸ್‌ಟ್ರೀಮ್ 125 ಆರ್. ಇವು ಈಗಿನ ಹುಡುಗರ ಮಾತು. ರೈಡರಿನ ಶಕ್ತಿ 11 ಅಶ್ವಶಕ್ತಿಯ ಆಸುಪಾಸು. ಆರ್‌ಎಕ್ಸ್ 100ಕ್ಕೂ ಅಷ್ಟೇ ಇತ್ತು ಎಂಬುದನ್ನು ಹುಡುಗನಿಗೆ ಹೇಳಿದರೆ ಅವನು ನಂಬಲಿಲ್ಲ, ಮಾಸ್ತರರು ಮಾತ್ರ ಮೀಸೆಯಲ್ಲೇ ನಕ್ಕರು. ಅಂದರೆ ಹೊಸ ಗಾಡಿ ಆಕಾಶದಿಂದ ಉದುರಿದ್ದಲ್ಲ. 1985ರಲ್ಲಿ ಎರಡಾಗಿ ಒಡೆದ ದಾರಿ, ಆವರೇಜಿನದೊಂದು ವೇಗದ್ದೊಂದು, ಮೂವತ್ತಾರು ವರ್ಷಗಳ ಮೇಲೆ ಅದರಲ್ಲಿ ಮತ್ತೆ ಕೂಡಿಕೊಂಡಿದೆ.

ಠೀವಿಯೂ ಹಿಂದಿರುಗಿತು. 2009ರಲ್ಲಿ ಎನ್‌ಫೀಲ್ಡ್ ಕ್ಲಾಸಿಕ್ 350 ಬಂತು. ನೋಟ ಹಳೆಯದು, ಎಂಜಿನ್ ಹೊಸದು, ಗೇರು ಎಡಗಾಲಿಗೆ, ಚಾಲೂ ಮಾಡಲು ಒಂದು ಗುಂಡಿ. ಆಂಪಿಯರ್ ಮುಳ್ಳಿನ ವಿದ್ಯೆ ಬೇಕಿಲ್ಲದವರೂ ಬುಲೆಟ್ಟಿನ ಯಜಮಾನರಾದರು. 2018ರ ನವೆಂಬರಿನಲ್ಲಿ ಜಾವಾ ಹೆಸರು, 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಮರಳಿದವು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನ ಹೆಸರಿಲ್ಲದ ಜಾವಾವನ್ನು ಒಪ್ಪಿಕೊಳ್ಳಲು ನನ್ನ ಮನಸ್ಸಿಗೆ ಇನ್ನೂ ಆಗುತ್ತಿಲ್ಲ, ಅದು ಎಷ್ಟೇ ಚೆನ್ನಾಗಿ ಓಡಲಿ.

ಈಗ ಕ್ಲಾಸಿಕ್ಕನ್ನೂ 125 ಸಿಸಿ ಗಾಡಿಯನ್ನೂ ಪಕ್ಕ ಪಕ್ಕ ನಿಲ್ಲಿಸೋಣ. ಇಂಡಿ ಕಡೆಯವರು ಝಳಕಿಯಲ್ಲಿ ನಾಲ್ಕು ಪಥದ ಸೊಲ್ಲಾಪುರ ಹೆದ್ದಾರಿ ಹತ್ತಿದರೆ ಕ್ಲಾಸಿಕ್ಕಿಗೆ ಸಾಟಿಯಿಲ್ಲ. ಬಯಲು ನಾಡು, ನೇರ ರಸ್ತೆ, ಬದಿಯಿಂದ ಬೀಸುವ ಗಾಳಿ. 195 ಕೆಜಿಯ ಗಾಡಿ ಗಾಳಿಗೆ ಅಳುಕದೆ ಹೋಗುತ್ತದೆ, ಬೆನ್ನು ನೋಯುವುದಿಲ್ಲ. ಅದೇ ಹೆದ್ದಾರಿ ಬಿಟ್ಟು ಹೊಲದ ದಾರಿಗೆ ಇಳಿದರೆ ಆ ತೂಕವೇ ಶತ್ರು. 123 ಕೆಜಿಯ 125 ಸಿಸಿ ಗಾಡಿ ಸಿಕ್ಕಿಬಿದ್ದರೆ ಒಬ್ಬನೇ ಎಳೆಯಬಹುದು, ಕ್ಲಾಸಿಕ್ ಸಿಕ್ಕಿಬಿದ್ದರೆ ಪಕ್ಕದ ಹೊಲದವರನ್ನು ಕೂಗಬೇಕು.

ಆದರೆ ಸೀಟಿನ ವಿಷಯದಲ್ಲಿ ನಾನು ಮಾಸ್ತರರ ಪಕ್ಷ. ಹಳೆಯ ಗಾಡಿಯ ಸೀಟು ಮಂಚದ ಹಾಗೆ ಉದ್ದ, ಮಟ್ಟಸ. ಇಳಕಲ್ ಸೀರೆ ಉಟ್ಟ ಅಜ್ಜಿ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ತೊಡೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು ಬಸವ ಜಯಂತಿಗೆ ಬಾಗೇವಾಡಿಯ ಬಸವೇಶ್ವರ ಗುಡಿಗೆ ಹೋಗಿ ಬರುತ್ತಿದ್ದಳು. ಹೊಸ ಗಾಡಿಗಳಲ್ಲಿ ಎಷ್ಟೋ ಕಡೆ ಹಿಂದಿನ ಸೀಟು ಎತ್ತರ, ಅಂಗೈ ಅಗಲ. ಓಡಿಸುವವನೊಬ್ಬನನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು. ಹಾರದ ಗಾಡಿಯ ಹುಡುಗನ ತಾಯಿ ಅದನ್ನು ಹತ್ತುವುದಿಲ್ಲ. ಅವರನ್ನು ದವಾಖಾನೆಗೆ ಕರೆದೊಯ್ಯಲು ಅವನು ಅಣ್ಣನ ಹಳೆಯ ಸ್ಪ್ಲೆಂಡರ್ ಕೇಳಿ ತರುತ್ತಾನೆ. ಮನೆಗೊಂದೇ ಗಾಡಿ ಇರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ರಿಪೇರಿ. ನಮ್ಮ ತಾಲ್ಲೂಕುಗಳಿಗೆ ನಿಜಕ್ಕೂ ತಟ್ಟುವುದು ಇದೇ. ಯೆಜ್ಡಿ ಕೆಟ್ಟು ನಿಂತರೆ ಮಾಸ್ತರರು ದಾರಿಯಲ್ಲೇ ಪ್ಲಗ್ ಬಿಚ್ಚಿ ತಿಕ್ಕಿ, ಪಾಯಿಂಟಿನ ಸಂದಿಗೆ ಪೋಸ್ಟ್‌ಕಾರ್ಡಿನ ಅಂಚು ತೂರಿಸಿ ಒರೆಸಿ, ಕಾರ್ಬೋರೇಟರಿನ ಜೆಟ್ ಬಾಯಿಂದ ಊದಿ ಮನೆ ಮುಟ್ಟುತ್ತಿದ್ದರು. ಗಾಡಿ ಕೊಂಡವನು ಅರ್ಧ ಮೇಸ್ತ್ರಿಯೂ ಆಗುತ್ತಿದ್ದ. 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆಯ ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬೋರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಎಷ್ಟು ಪೆಟ್ರೋಲು, ಯಾವ ಗಳಿಗೆಯಲ್ಲಿ ಎಂಬುದನ್ನು ಸೆನ್ಸರುಗಳು ಹೇಳುತ್ತವೆ, ಒಂದು ಸಣ್ಣ ಕಂಪ್ಯೂಟರು ತೀರ್ಮಾನಿಸುತ್ತದೆ. ಹೊಗೆ ಇಳಿಯಿತು, ಚಳಿಗಾಲದ ಬೆಳಗಿನಲ್ಲಿ ಚೋಕ್ ಎಳೆಯುವ ಕಷ್ಟ ತಪ್ಪಿತು. ಇದು ದೊಡ್ಡ ಲಾಭ, ಅಲ್ಲಗಳೆಯಬಾರದು. ಆದರೆ ಒಂದು ಸೆನ್ಸರು ಕೆಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ, ಬಾಯಿಂದ ಊದಲು ಅಲ್ಲಿ ಏನೂ ಇಲ್ಲ.

ಹಳೆಯ ಗಾಡಿಗೂ ಹೊಸ ತೊಡಕು ಬಂದಿದೆ. ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್. ಎಥೆನಾಲ್ ತೆಗೆಯುವ ಕಬ್ಬು ನಮ್ಮ ನೀರಾವರಿ ಹೊಲಗಳಲ್ಲೂ ಬೆಳೆಯುತ್ತದೆ, ರೈತನಿಗೆ ಅದರಿಂದ ಅನುಕೂಲ ಎಂದು ಸಂತೋಷ. ಆದರೆ ನಲವತ್ತು ವರ್ಷದ ಹಿಂದಿನ ರಬ್ಬರು ಅದಕ್ಕೆ ತಾಳುವುದಿಲ್ಲ. ಯೆಜ್ಡಿಯ ಪೈಪು, ವಾಷರುಗಳನ್ನು ಮೇಸ್ತ್ರಿ ಒಂದೊಂದಾಗಿ ಬದಲಿಸುತ್ತಿದ್ದಾರೆ. ಟಾಕಿ ಬಿಚ್ಚಿಟ್ಟದ್ದು ಅದಕ್ಕೇ.

ಹಳೆಯ ಗಾಡಿಯ ಮದ್ದು ತಾಲ್ಲೂಕು ಊರಿನ ಮೇಸ್ತ್ರಿಗೆ ಗೊತ್ತು, ಹೊಸ ಗಾಡಿಯ ವಿದ್ಯೆ ಕಲಿಸುವವರು ಬೇಕು. ಐಟಿಐಗಳು ಸಂಜೆ ಹೊತ್ತು ಒಂದು ತರಗತಿ ನಡೆಸಿದರೂ ಸಾಕು. ಇಲ್ಲದಿದ್ದರೆ ಹಳದಿ ದೀಪ ಹತ್ತಿದ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಿಜಾಪುರಕ್ಕೆ ಒಯ್ಯಬೇಕು. ಬಿತ್ತಿಗೆಯ ದಿನಗಳಲ್ಲಿ ಒಕ್ಕಲಿಗನಿಗೆ ಅದು ಎರಡು ದಿನದ ಕೂಲಿಗಿಂತ ದೊಡ್ಡ ಹೊಡೆತ.

ನಮ್ಮ ಮೇಸ್ತ್ರಿ ಯಾರಿಗೂ ಕಾಯಲಿಲ್ಲ. ಮೊನ್ನೆ ಹೋದಾಗ ಆ ಹುಡುಗನ ಗಾಡಿಯ ಸೀಟು ಎತ್ತಿ, ಒಳಗಿನ ಸಾಕೆಟ್ಟಿಗೆ ಬೆಂಕಿಪೆಟ್ಟಿಗೆ ಗಾತ್ರದ ಒಂದು ಸ್ಕ್ಯಾನರ್ ಚುಚ್ಚಿ, ಮೊಬೈಲಿನಲ್ಲಿ ಮೂಡಿದ ಅಂಕಿಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಇಂಗ್ಲಿಷ್ ಓದಿ ಹೇಳುತ್ತಿದ್ದವರು ಯೆಜ್ಡಿಯ ಮಾಸ್ತರರು. "ಆಕ್ಸಿಜನ್ ಸೆನ್ಸರ್ ಅಂತ ಬಂದದ ನೋಡಪಾ." ಮೇಸ್ತ್ರಿ ಹೂಂಗುಟ್ಟಿ ಸ್ಪ್ಯಾನರಿಗೆ ಕೈ ಚಾಚಿದರು. ಅದೇ ತಗಡಿನ ಡಬ್ಬಿಯಲ್ಲಿ ಸ್ಕ್ಯಾನರಿನ ವೈರು, ಉಸುಕಿನ ಕಾಗದ, ಮಸಿ ಹಿಡಿದ ಒಂದು ಪೋಸ್ಟ್‌ಕಾರ್ಡು. ಹುಡುಗ ಅದನ್ನು ಎತ್ತಿ ತಿರುವಿ ನೋಡಿ ಕೇಳಿದ: "ಇದು ಯಾಕ ಇಟ್ಟೀರಿ ಮಾಮಾ?"

"ತಡಿ, ನಿಂದು ಮುಗೀಲಿ" ಎಂದರು ಮೇಸ್ತ್ರಿ, "ಯೆಜ್ಡಿ ಮುಂದ ಕುಂದರಸಿ ತೋರಸ್ತೀನಿ."