ಶಕ್ತಿಗೆ ನಾಶವಿಲ್ಲವಾದರೆ ಕರೆಂಟು ಉಳಿಸುವುದೇಕೆ?

ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಪರಿವರ್ತಿಸಬಹುದಷ್ಟೆ. ಪ್ರೌಢಶಾಲೆಯ ಮಕ್ಕಳೆಲ್ಲರಿಗೂ ಬಾಯಿಪಾಠವಾಗಿರುವ ನಿಯಮವಿದು. ಇದನ್ನು ತಪ್ಪಿಲ್ಲದೆ ಒಪ್ಪಿಸಿದ ವಿದ್ಯಾರ್ಥಿನಿಯೊಬ್ಬಳು ಮರುಕ್ಷಣವೇ ನಮ್ಮನ್ನು ಕೇಳಿದಳು: "ನಾಶವೇ ಆಗುವುದಿಲ್ಲ ಎಂದಾದರೆ, ಪಂಪು ನಿಲ್ಲಿಸು, ಕರೆಂಟು ಹಾಳಾಗುತ್ತದೆ ಎಂದು ಅಪ್ಪ ಗದರುವುದು ಯಾಕೆ ಟೀಚರ್?"

ಈ ಪ್ರಶ್ನೆಗೆ ಉತ್ತರ ತಿಳಿದರೆ ಪಾಠ ತಿಳಿದಂತೆ. ಕಾಸರಗೋಡಿನ ನಮ್ಮ ಮನೆಗಳ ಬಾವಿಕಟ್ಟೆಯಿಂದಲೇ ಉತ್ತರವನ್ನು ಹುಡುಕೋಣ.

ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳಬೇಕು. ದಿನಬಳಕೆಯ ಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಒಂದೇ ಅರ್ಥದಲ್ಲಿ ಬರುತ್ತವೆ. ವಿಜ್ಞಾನದಲ್ಲಿ ಹಾಗಲ್ಲ. ಬಾವಿಯಿಂದ ಕೊಡವನ್ನು ಸೇದುವಾಗ ಹಗ್ಗದ ಮೇಲೆ ನಾವು ಹಾಕುವ ಎಳೆತ ಬಲ. ಕೊಡ ಮೇಲೇರಿದಂತೆ ನಮ್ಮ ದೇಹದಿಂದ ಅದಕ್ಕೆ ಸಂದಾಯವಾಗುವುದು ಶಕ್ತಿ. ಇದರ ಅಳತೆ ಜೌಲ್. ಒಂದು ಸೆಕೆಂಡಿಗೆ ಎಷ್ಟು ಜೌಲ್ ಸಂದಾಯವಾಯಿತು ಎಂಬುದು ಸಾಮರ್ಥ್ಯ. ಇದರ ಅಳತೆ ವ್ಯಾಟ್.

ಈಗ ಪಂಪಿನ ಲೆಕ್ಕ. ಬಾವಿಯ ನೀರಿನ ಮಟ್ಟದಿಂದ 10 ಮೀಟರ್ ಎತ್ತರದಲ್ಲಿ 1,000 ಲೀಟರಿನ ಟಾಂಕಿ ಇದೆ ಎಂದಿಟ್ಟುಕೊಳ್ಳೋಣ. ಅಷ್ಟು ನೀರಿನ ದ್ರವ್ಯರಾಶಿ 1,000 ಕಿಲೋಗ್ರಾಂ. ಇದನ್ನು ಗುರುತ್ವ ವೇಗೋತ್ಕರ್ಷವಾದ 9.8ರಿಂದಲೂ ಎತ್ತರವಾದ 10ರಿಂದಲೂ ಗುಣಿಸಿದರೆ 98,000 ಜೌಲ್ ದೊರೆಯುತ್ತದೆ. ಟಾಂಕಿ ತುಂಬಿದಾಗ ಇಷ್ಟು ಶಕ್ತಿ ನೀರಿನಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಅಡಗಿರುತ್ತದೆ.

ನಾವು ಹಣ ತೆರುವ ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೌಲ್. ಹಾಗಿದ್ದರೆ ಒಂದು ಯೂನಿಟ್ಟಿನಲ್ಲಿ ಇಂತಹ 36 ಟಾಂಕಿಗಳು ತುಂಬಬೇಕಿತ್ತು. ಯಾವ ಪಂಪೂ ಅಷ್ಟನ್ನು ತುಂಬಿಸದು. ಉಳಿದ ಶಕ್ತಿ ಎಲ್ಲಿ ಹೋಯಿತು? ಓಡಿ ನಿಂತ ಮೋಟರಿನ ಹೊರಕವಚದ ಬಳಿ ಕೈ ಹಿಡಿದರೆ ಅದರ ಬಿಸಿ ತಿಳಿಯುತ್ತದೆ. ಒಂದು ಭಾಗ ತಂತಿಸುರುಳಿಯಲ್ಲಿ ಉಷ್ಣವಾಯಿತು, ಒಂದು ಭಾಗ ಸದ್ದಾಯಿತು, ಇನ್ನೊಂದು ಭಾಗ ಪಂಪಿನ ಒಳಗೂ ಪೈಪಿನಲ್ಲೂ ಘರ್ಷಣೆಗೆ ಸಿಕ್ಕಿ ನೀರನ್ನು ತುಸುವೇ ಬೆಚ್ಚಗಾಗಿಸಿತು. ಎಲ್ಲವನ್ನೂ ಕೂಡಿಸಿದರೆ 36 ಲಕ್ಷವೇ ಆಗುತ್ತದೆ. ಒಂದು ಜೌಲೂ ನಾಶವಾಗಿಲ್ಲ.

ಹಾಗಾದರೆ ಆ ತಂದೆ ಗದರುವುದು ತಪ್ಪೇ? ತಪ್ಪಲ್ಲ. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್, ಕೆಳಗಿಳಿಯುವ ತೂಕಗಳಿಂದ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಗುತ್ತದೆಂದು ಅಳೆದರು. ಒಂದು ಕಿಲೋಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4,200 ಜೌಲ್ ಬೇಕೆಂದು ಈಗ ನಮಗೆ ಗೊತ್ತಿದೆ. ಟಾಂಕಿಯ ನೀರೆಲ್ಲ ಮರಳಿ ಬಾವಿಗೆ ಬಿತ್ತೆಂದು ಭಾವಿಸಿ. 98,000 ಜೌಲ್ ಪೂರ್ತಿ ಆ ನೀರಿನಲ್ಲೇ ಉಷ್ಣವಾಗಿ ಉಳಿದರೂ ಅದರ ತಾಪ ಏರುವುದು ಸುಮಾರು 0.02 ಡಿಗ್ರಿ ಮಾತ್ರ. ಶಕ್ತಿ ಅಲ್ಲಿಯೇ ಇದೆ. ಆದರೆ ಅಷ್ಟು ತೆಳುವಾಗಿ ಹರಡಿದ ಉಷ್ಣವನ್ನು ಒಟ್ಟುಗೂಡಿಸಿ ನೀರನ್ನು ಮತ್ತೆ ಮೇಲೆತ್ತಲಾಗದು. ನಾವು ಕಳೆದುಕೊಳ್ಳುವುದು ಶಕ್ತಿಯ ಮೊತ್ತವನ್ನಲ್ಲ, ಅದರ ಉಪಯುಕ್ತತೆಯನ್ನು. ಉಳಿಸಬೇಕಾದುದೂ ಅದನ್ನೇ.

ಪಂಪಿಗೆ ವಿದ್ಯುತ್ತು ಬಂದ ದಾರಿಯನ್ನೂ ಹಿಂದಕ್ಕೆ ನೋಡಬಹುದು. ಕೇರಳದ ದೊಡ್ಡ ಜಲವಿದ್ಯುತ್ ಯೋಜನೆಯಾದ 780 ಮೆಗಾವ್ಯಾಟಿನ ಇಡುಕ್ಕಿಯಲ್ಲಿ, ಜಲಾಶಯದ ನೀರು 650 ಮೀಟರಿಗೂ ಹೆಚ್ಚು ಕೆಳಗಿಳಿದು ಮೂಲಮಟ್ಟಂ ಭೂಗತ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸುತ್ತದೆ. ಅಲ್ಲಿ ಬೀಳುವ ನೀರು ಇಲ್ಲಿ ಬಾವಿಯ ನೀರನ್ನು ಎತ್ತುತ್ತದೆ. ಆ ನೀರನ್ನು ಮೊದಲು ಆವಿಯಾಗಿಸಿ ಮುಗಿಲಿಗೇರಿಸಿದ್ದು ಸೂರ್ಯನ ಬಿಸಿಲು. ಹೊರರಾಜ್ಯಗಳಿಂದ ಬರುವ ಕಲ್ಲಿದ್ದಲಿನ ವಿದ್ಯುತ್ತಿನ ಮೂಲವೂ ಪುರಾತನ ಸಸ್ಯಗಳು ಹಿಡಿದಿಟ್ಟ ಬಿಸಿಲೇ. ನಮ್ಮ ಜಿಲ್ಲೆಯ ಅಂಬಲತ್ತರದ ಸೌರ ಉದ್ಯಾನವು ನಡುವಿನ ಹಂತಗಳಿಲ್ಲದೆ ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿಸುತ್ತದೆ. ನಮ್ಮ ಅಜ್ಜಂದಿರು ಏತದಿಂದ ತೋಟಕ್ಕೆ ನೀರೆತ್ತುತ್ತಿದ್ದಾಗಲೂ, ಉಂಡ ಗಂಜಿಯ ರಾಸಾಯನಿಕ ಶಕ್ತಿಯೇ ತೋಳಿನ ಚಲನೆಯಾಗುತ್ತಿತ್ತು. ಆ ಅಕ್ಕಿಯೂ ಬಿಸಿಲಿನ ಕೊಡುಗೆಯೇ.

ಹೆತ್ತವರಲ್ಲಿ ಒಂದು ಮಾತು. ವಿಜ್ಞಾನವು ಕನ್ನಡದಲ್ಲಿ ಕಷ್ಟವೆಂಬ ಕಾರಣವನ್ನು ಹೇಳಿ ಮಕ್ಕಳನ್ನು ಆಂಗ್ಲ ಮಾಧ್ಯಮಕ್ಕೆ ಸೇರಿಸುವವರನ್ನು ನಾವು ಪ್ರತಿವರ್ಷವೂ ಕಾಣುತ್ತಿದ್ದೇವೆ. ಕನ್ನಡವರಿಯದ ಶಿಕ್ಷಕರು ಕನ್ನಡ ತರಗತಿಗೆ ಬಂದಾಗ ಪಾಠವು ಕಂಠಪಾಠವಾಗಿ ಉಳಿಯುವುದು ನಿಜ. ಅದರ ವಿರುದ್ಧದ ನಮ್ಮ ಹೋರಾಟ ನಿಲ್ಲದು. ಆದರೆ ಆ ಕೊರತೆ ಭಾಷೆಯದ್ದಲ್ಲ. ನಿಯಮವನ್ನು ಒಪ್ಪಿಸಿದ ಮಗು ಅದನ್ನೇ ಪ್ರಶ್ನಿಸಿದ್ದು ಮನೆಯಲ್ಲಿ ಕೇಳಿದ ಕನ್ನಡದ ಮಾತನ್ನು ಹಿಡಿದುಕೊಂಡೇ. ಈ ಸಂಜೆ ಪಂಪು ನಿಲ್ಲಿಸಿದ ಮೇಲೆ ಮಕ್ಕಳನ್ನು ಕರೆದು ಮೂರು ಪ್ರಶ್ನೆ ಕೇಳಿ: ಈ ಶಕ್ತಿ ಎಲ್ಲಿಂದ ಬಂತು, ಈಗ ಯಾವ ರೂಪದಲ್ಲಿದೆ, ಅದರಲ್ಲಿ ಎಷ್ಟು ನಮ್ಮ ಕೆಲಸಕ್ಕೆ ಒದಗಿತು? ಉತ್ತರ ಅವರದೇ ಮಾತಿನಲ್ಲಿ ಬರಲಿ. ಪಠ್ಯದ ಪದಗಳನ್ನು ಆಮೇಲೆ ಜೋಡಿಸಿಕೊಳ್ಳಬಹುದು.