ಹತ್ತು ರೂಪಾಯಿಯ ಪ್ರಶ್ನೆ

ಕಳೆದ ಮಳೆಗಾಲದಲ್ಲಿ ನಮ್ಮ ದಾದಿಮಾ ಮನೆ ಮುಂದಿನ ತೆರೆದ ಚರಂಡಿಗೆ ಕಾಲು ಜಾರಿ ಬಿದ್ದು ಕೈ ಮುರಿದುಕೊಂಡರು. ಅವರನ್ನು ನೋಡಲು ಬಂದ ಪಕ್ಕದ ಮನೆಯ ಚಾಚಾ, "ಈ ಗಲ್ಲಿಯ ಚರಂಡಿ ಕೆಲಸ ಯಾವಾಗಲೋ ಮುಗಿದಿದೆ ಅಂತ ಕಾಗದದಲ್ಲಿದೆಯಂತೆ, ಬಿಲ್ಲೂ ಆಗಿದೆಯಂತೆ" ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ದಾದಿಮಾ ಮಾತ್ರ ನಗಲಿಲ್ಲ.

"ಅಂತೆ" ಎಂಬ ಪದದಲ್ಲಿ ಎಷ್ಟೊಂದು ಭ್ರಷ್ಟಾಚಾರ ಬದುಕಿಕೊಂಡಿದೆ ಎಂದು ನನಗೆ ಆಮೇಲೆ ಅನಿಸಿತು. ತಿಂದರಂತೆ, ಕೊಟ್ಟರಂತೆ, ಮುಗಿಯಿತಂತೆ. ಎಲ್ಲರಿಗೂ ಗೊತ್ತು, ಆದರೆ ಯಾರ ಕೈಯಲ್ಲೂ ಕಾಗದವಿಲ್ಲ. ಆ ಕಾಗದವನ್ನು ಪಡೆಯುವ ಬಗೆಯನ್ನು, ನಾನು ಮಾಡಿದ ತಪ್ಪಿನ ಸಮೇತ, ಇಲ್ಲಿ ಹೇಳುತ್ತೇನೆ.

ನಮ್ಮ ರಾಜ್ಯಶಾಸ್ತ್ರದ ಪಾಠದಲ್ಲಿ ಮಾಹಿತಿ ಹಕ್ಕು ಕಾಯ್ದೆ, 2005 ಎಂಬ ಹೆಸರು ಬಂದಿತ್ತು. ನಾನು ಅದನ್ನು ಪರೀಕ್ಷೆಗೆ ಓದಿದ್ದೆ, ಅಷ್ಟೇ. ಮನೆಗೆ ಬಂದು ಅರ್ಜಿ ಬರೆಯೋಣ ಎಂದಾಗ ಅಬ್ಬಾ ಹಿಂಜರಿದರು. ಅವರು ಬಡಗಿ ಕೆಲಸ ಮಾಡುತ್ತಾರೆ. "ನಮ್ಮಂಥವರಿಗೆ ಆಫೀಸಿನವರ ಜೊತೆ ಯಾಕೆ ಬೇಕು?" ಎಂದರು. ಕೊನೆಗೆ ಅಮ್ಮಿ ಸಹಿ ಹಾಕಿದರು. ನಾನು ಬರೆದ ಪ್ರಶ್ನೆ ಒಂದೇ: "ನಮ್ಮ ಗಲ್ಲಿಯ ಚರಂಡಿಯನ್ನು ಏಕೆ ಪೂರ್ಣಗೊಳಿಸಿಲ್ಲ?" ಉತ್ತರ ಒಂದು ಸಾಲಿನಲ್ಲಿ ಬಂತು. ತಾವು ಕೇಳಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು.

ನನಗೆ ಸಿಟ್ಟು ಬಂತು. ಉಪನ್ಯಾಸಕರ ಬಳಿ ಹೋದಾಗ ಅವರು ನಕ್ಕು, "ಸರಿಯಾಗಿಯೇ ಹೇಳಿದ್ದಾರೆ. ನೀನು ಜಗಳ ಕೇಳಿದ್ದೀಯ, ಕಾಗದ ಕೇಳಿಲ್ಲ" ಎಂದರು. ಈ ಕಾನೂನು ಕೊಡಿಸುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು. ಅಧಿಕಾರಿ ನಮಗಾಗಿ ಹೊಸ ಕಾರಣ ಬರೆದುಕೊಡಬೇಕಾಗಿಲ್ಲ. ಅಂದರೆ "ಏಕೆ ಮಾಡಿಲ್ಲ?" ಎಂದು ಕೇಳಬಾರದು, "ಮಾಡಿದ್ದೀರಿ ಎಂದು ಬರೆದಿರುವ ಪುಟದ ನಕಲು ಕೊಡಿ" ಎಂದು ಕೇಳಬೇಕು.

ಆ ದಿನ ಅವರು ಈ ಕಾನೂನು ಹುಟ್ಟಿದ ಕಥೆಯನ್ನೂ ಹೇಳಿದರು. ರಾಜಸ್ಥಾನದ ಹಳ್ಳಿಗಳಲ್ಲಿ ಬರಪರಿಹಾರದ ಕೆಲಸಕ್ಕೆ ಹೋದ ಕೂಲಿಗಳಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಹಾಜರಿ ಪಟ್ಟಿ ತೋರಿಸಿ ಎಂದರೆ ಅದು ಸರ್ಕಾರಿ ದಾಖಲೆ, ತೋರಿಸುವುದಿಲ್ಲ ಎಂಬ ಉತ್ತರ. ಬ್ರಿಟಿಷರು 1923ರಲ್ಲಿ ಮಾಡಿದ ಅಧಿಕೃತ ರಹಸ್ಯ ಕಾಯ್ದೆಯ ನೆರಳು ಹಳ್ಳಿಯ ಹಾಜರಿ ಪಟ್ಟಿಯವರೆಗೂ ಚಾಚಿತ್ತು. 1990ರಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಹಳ್ಳಿಯ ಕೂಲಿಕಾರರು ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. 1994ರಿಂದ ಊರ ನಡುವೆ ಸಭೆ ಸೇರಿಸಿ, ಸಿಕ್ಕ ದಾಖಲೆಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದತೊಡಗಿದರು. ಎಂದೂ ಕೆಲಸಕ್ಕೆ ಹೋಗದವರ ಹೆಸರು, ಸತ್ತವರ ಹೆಸರು ಕೂಡ ಕೂಲಿ ಪಟ್ಟಿಯಿಂದ ಹೊರಬಂದವು. ಅಕ್ಷರ ಬಾರದವರೇ ಎದ್ದು ನಿಂತು "ಇದು ಸುಳ್ಳು" ಎಂದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. "ನಮ್ಮ ಹಣ, ನಮ್ಮ ಲೆಕ್ಕ" ಎಂಬುದು ಅವರ ಘೋಷಣೆ. ಕರ್ನಾಟಕವೂ 2000ದಲ್ಲಿ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತು. ಇಡೀ ದೇಶದ ಕಾನೂನು 2005ರ ಅಕ್ಟೋಬರ್ 12ರಂದು ಜಾರಿಗೆ ಬಂತು.

ಇನ್ನು ಕ್ರಮ ನೋಡೋಣ. ಪ್ರತಿ ಸರ್ಕಾರಿ ಕಚೇರಿಯಲ್ಲೂ ಒಬ್ಬ ಸಾರ್ವಜನಿಕ ಮಾಹಿತಿ ಅಧಿಕಾರಿ ಇರುತ್ತಾರೆ. ಅವರಿಗೆ ಅರ್ಜಿ ಬರೆದು 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಮಾಹಿತಿ ಯಾಕೆ ಬೇಕು ಎಂದು ಕೇಳುವ ಅಧಿಕಾರ ಅವರಿಗಿಲ್ಲ. ವಿಷಯ ಬೇರೆ ಕಚೇರಿಯದಾದರೆ 5 ದಿನದೊಳಗೆ ಅಲ್ಲಿಗೆ ಕಳಿಸಬೇಕು. ಉತ್ತರಕ್ಕೆ 30 ದಿನ. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ತಡವಾದರೆ ನಕಲನ್ನು ಉಚಿತವಾಗಿ ಕೊಡಬೇಕು.

ಉತ್ತರ ಬಾರದಿದ್ದರೆ ಅಥವಾ ಸರಿಯಿಲ್ಲದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಸಕಾರಣವಿಲ್ಲದೆ ಮಾಹಿತಿ ತಡೆದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಹಾಕಬಹುದು. ದೇಶದ ಭದ್ರತೆಯಂಥ ಕೆಲವು ವಿಷಯಗಳಿಗೆ ವಿನಾಯಿತಿ ಉಂಟು. ಚರಂಡಿಗೆ ಇಲ್ಲ!

ಪಿಯುಸಿ ಓದುವ ನಮಗೆ ಹತ್ತಿರದ ಒಂದು ಸಂಗತಿಯೂ ಇದೆ. ಪರೀಕ್ಷೆ ಬರೆದವರು ತಮ್ಮ ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ಈ ಕಾಯ್ದೆಯಡಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿದೆ.

ನಮ್ಮ ಎರಡನೇ ಅರ್ಜಿಯಲ್ಲಿ "ಏಕೆ" ಇರಲಿಲ್ಲ. ಆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಬಿಲ್ಲು ಪಾವತಿಯ ವಿವರ, ಈ ನಾಲ್ಕರ ದೃಢೀಕೃತ ನಕಲು ಕೇಳಿದೆವು. 41ನೇ ದಿನ ಏಳು ಪುಟ ಬಂದವು. ತಡವಾದ್ದರಿಂದ ನಕಲಿಗೆ ಹಣ ಕೊಡಬೇಕಾಗಲಿಲ್ಲ. ಅಳತೆ ಪುಸ್ತಕದಲ್ಲಿ ಚಪ್ಪಡಿ ಹಾಕಿದ ಚರಂಡಿ 140 ಮೀಟರ್ ಎಂದಿತ್ತು. ಅಂದು ಸಂಜೆ ಯಾರೂ ಹೇಳದೆಯೇ ಅಬ್ಬಾ ತಮ್ಮ ಟೇಪು ಹಿಡಿದು ಗಲ್ಲಿಗೆ ಇಳಿದರು. ಇದ್ದದ್ದು 85 ಮೀಟರ್. ಉಳಿದ 55 ಮೀಟರ್ ಚರಂಡಿ ಕಾಗದದ ಮೇಲಷ್ಟೇ ಹರಿಯುತ್ತಿತ್ತು. ದಾದಿಮಾ ಬಿದ್ದದ್ದು ಅಲ್ಲೇ.

ತಪ್ಪು ಯಾರದು ಎಂದು ನಾನು ಹೇಳಲಾರೆ. ಅದು ತನಿಖೆಯ ಕೆಲಸ. ಹನ್ನೊಂದು ಮನೆಯವರು ಸಹಿ ಮಾಡಿ, ಆ ಏಳು ಪುಟಗಳನ್ನು ಲಗತ್ತಿಸಿ ಮೇಲಧಿಕಾರಿಗೆ ದೂರು ಕೊಟ್ಟೆವು. ಒಬ್ಬರೇ ಸಹಿ ಹಾಕುವುದಕ್ಕಿಂತ ಹೀಗೆ ಹಲವರು ಸೇರುವುದು ಕ್ಷೇಮ. ಎಂಜಿನಿಯರ್ ಬಂದು ಅಳೆದರು. ಈಗ ಇನ್ನೂ 30 ಮೀಟರಿಗೆ ಚಪ್ಪಡಿ ಬಿದ್ದಿದೆ. ನಮ್ಮ ಮನೆ ಮುಂದೆ ಇನ್ನೂ ಇಲ್ಲ.

ಗಲ್ಲಿಯ ಚರಂಡಿಗೂ ದೆಹಲಿಯ ರಾಜಕೀಯಕ್ಕೂ ನಿಯಮ ಒಂದೇ. 2018ರಿಂದ ಚುನಾವಣಾ ಬಾಂಡ್‌ಗಳ ಮೂಲಕ ಯಾರು ಯಾವ ಪಕ್ಷಕ್ಕೆ ಹಣ ಕೊಟ್ಟರು ಎಂಬುದು ಮತದಾರನಿಗೆ ತಿಳಿಯುತ್ತಿರಲಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ರದ್ದು ಮಾಡಿತು. ಸಂವಿಧಾನದ 19(1)(ಎ) ವಿಧಿಯ ಮಾತಿನ ಸ್ವಾತಂತ್ರ್ಯದೊಳಗೆ ಮತದಾರನ ತಿಳಿಯುವ ಹಕ್ಕೂ ಇದೆ ಎಂಬುದು ಅದರ ಆಧಾರ. ಮರುತಿಂಗಳು ಹೆಸರುಗಳು ಬಯಲಾದವು.

ಹಾಗೆಂದು ಈ ಹಕ್ಕು ಒಮ್ಮೆ ಸಿಕ್ಕಿತು, ಮುಗಿಯಿತು ಎಂದುಕೊಳ್ಳುವಂತಿಲ್ಲ. ಮಾಹಿತಿ ಆಯುಕ್ತರ ಅವಧಿ ಮತ್ತು ಸಂಬಳವನ್ನು ಕೇಂದ್ರ ಸರ್ಕಾರವೇ ನಿರ್ಧರಿಸುವಂತೆ 2019ರಲ್ಲಿ ತಿದ್ದುಪಡಿಯಾಯಿತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು "ವೈಯಕ್ತಿಕ ಮಾಹಿತಿ" ಎಂಬ ವಿನಾಯಿತಿಯನ್ನು ಇನ್ನಷ್ಟು ಅಗಲ ಮಾಡಿತು. ನಾಳೆ ಒಂದು ಹಾಜರಿ ಪಟ್ಟಿ ಕೇಳಿದರೆ "ಇದು ವೈಯಕ್ತಿಕ" ಎಂಬ ಉತ್ತರ ಬಂದೀತು ಎಂಬ ಆತಂಕ ಹಲವರದು. ಕೇಳುವವರು ಕಡಿಮೆಯಾದರೆ ಕೊಡದಿರುವುದೂ ಸುಲಭವಾಗುತ್ತದೆ.

ಕನ್ನಡ ಪತ್ರಿಕೆಗಳಲ್ಲಿ "ಅಮಾನತು" ಎಂದರೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರ ಇಡುವುದು. ನಮ್ಮ ಮನೆಯಲ್ಲಿ ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮ ಬಳಿ ಇಟ್ಟ ಒಡವೆ ಅಥವಾ ಹಣ. ಏಳು ಪುಟ ಓದಿ ಹೇಳಿದಾಗ ದಾದಿಮಾ ಅಂದದ್ದು ಇಷ್ಟೇ: "ಅಮಾನತ್ ಇಟ್ಟವರು ಲೆಕ್ಕ ಕೇಳುವುದು ಬೇಅದಬಿ ಅಲ್ಲ ಬೇಟಿ. ಕೇಳದೆ ಇರುವುದೇ ತಪ್ಪು."

ಗೆಳೆಯರೇ, ಗೆಳತಿಯರೇ, ನಿಮ್ಮ ಬೀದಿಯಲ್ಲೂ ಒಂದು "ಅಂತೆ" ಇರಬಹುದು. ಅದಕ್ಕೆ ಸಂಬಂಧಿಸಿದ ಕಾಗದ ಯಾವುದು ಎಂದು ಮೊದಲು ಯೋಚಿಸಿ. ಆಮೇಲೆ 10 ರೂಪಾಯಿ ಕೊಟ್ಟು ಅದನ್ನು ಕೇಳಿ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಲಾ ವಿಭಾಗ